ವಸಡಿನಲ್ಲಿ ತಲೆದೋರುವ ಮೂತ್ರಪಿಂಡದ ಗಂತಿ

ಒಬ್ಬ ಗೃಹಸ್ಥರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅವರಿಗೆ ಹೆಸರು ಬೇಡ, ಊರೂ ಬೇಡ. ೬೫ ವರ್ಷ ದಾಟಿದವರು; ಉಪಾಧ್ಯಾಯರಾಗಿದ್ದು ವಿಶ್ರಾಂತಿ ಪಡೆದವರು; ಆದಕಾರಣ ಮೇಷ್ಟರೆಂದು ಕರೆದರೆ ಸಾಕು. ಎಲೆಯಡಿಕೆಯ ಅಭ್ಯಾಸವಿಲ್ಲ, ನಸ್ಯವಿಲ್ಲ, ಬೀಡಿ ಸಿಗರೇಟುಗಳನ್ನು ಮುಟ್ಟಿದವರಲ್ಲ. ಒಂದು ಮುಂಜಾನೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದಾಗ ನೀರು ಕೆಂಪಾಗಿ ಬಿದ್ದಿತು. ಕನ್ನಡಿಯ ಮುಂದೆ ನಿಂತು ತುಟಿಯನ್ನೆತ್ತಿ ನೋಡಿಕೊಂಡರು. ಮೇಲಿನ ಎಡಗಡೆಯ ಕೋರೆಹಲ್ಲಿನ ಪಕ್ಕದ ವಸಡಿನಲ್ಲಿ ಕಡಲೆಕಾಳಿನಷ್ಟು ಗಾತ್ರದ, ಕಡುಗೆಂಪು ಬಣ್ಣದ ಒಂದು ಗುಳ್ಳೆ ಎದ್ದಿದ್ದಿತು. ನೋವಿಲ್ಲ. "ಉಷ್ಣವಾಗಿರಬೇಕು" ಎಂದರು ಮನೆಯವರು. ಉಪ್ಪುನೀರಿನಿಂದ ಮುಕ್ಕಳಿಸಿದ್ದಾಯಿತು, ಲವಂಗದ ಎಣ್ಣೆ ಮುಟ್ಟಿಸಿದ್ದಾಯಿತು, ಜೀರಿಗೆಯ ನೀರು ಕುಡಿದದ್ದಾಯಿತು. ಒಂದು ತಿಂಗಳು ಕಳೆಯುವುದರೊಳಗೆ ಕಡಲೆಕಾಳು ನೆಲ್ಲಿಕಾಯಿಯಷ್ಟಾಯಿತು.

ದಂತವೈದ್ಯರು ನೋಡಿದರು. ಹಲ್ಲಿನ ಬುಡದಲ್ಲಿ ಕಟ್ಟಿದ ಕಿಟ್ಟವು ಉಜ್ಜಿ ಉಜ್ಜಿ ವಸಡು ಹೀಗೆ ಬೆಳೆಯುವುದುಂಟು, ಭಯಪಡಬೇಕಾದುದಿಲ್ಲವೆಂದು ಹೇಳಿ, ಸ್ಥಳದಲ್ಲಿ ಮರವೆಯ ಸೂಜಿ ಹಾಕಿ ಅದನ್ನು ಕೊಯ್ದು ತೆಗೆದರು. ಅಷ್ಟು ಚಿಕ್ಕ ಗಾಯದಿಂದ ಅಷ್ಟೊಂದು ರಕ್ತ ಬರುವುದೆಂದು ಅವರು ಎಣಿಸಿರಲಿಲ್ಲ. ಅರ್ಧ ಗಂಟೆಯ ಕಾಲ ಹತ್ತಿಯನ್ನು ಒತ್ತಿ ಹಿಡಿಯಬೇಕಾಯಿತು. ಕೊಯ್ದ ತುಂಡು ರಕ್ತದ ಹತ್ತಿಯ ಜೊತೆಯಲ್ಲಿಯೇ ಕಸದ ಡಬ್ಬಿಗೆ ಹೋಯಿತು. ಆರು ವಾರದ ಮೇಲೆ ಅದೇ ಜಾಗದಲ್ಲಿ ಅದೇ ಗಂತಿ ಇನ್ನಷ್ಟು ದೊಡ್ಡದಾಗಿ ಮರಳಿ ಬಂದಿತು.

ಮೇಷ್ಟರು ಈ ಸಲ ಬೇರೊಬ್ಬ ದಂತವೈದ್ಯರ ಬಳಿಗೆ ಹೋದರು. ಆ ತರುಣ ವೈದ್ಯರು ಬಾಯಿ ನೋಡುವುದಕ್ಕೆ ಮುಂಚೆ ಕಾಗದ ಲೇಖನಿ ತೆಗೆದುಕೊಂಡು ಕುಳಿತರು.

"ಮೇಷ್ಟ್ರೇ, ಹಿಂದೆ ಯಾವುದಾದರೂ ಆಪರೇಷನ್ ಆಗಿತ್ತೇ?"

"ಹಲ್ಲಿಗೆ ಏನೂ ಆಗಿಲ್ಲ ಡಾಕ್ಟರೇ."

"ಹಲ್ಲಿಗೆಂದು ಕೇಳಲಿಲ್ಲ, ಮೈಯಲ್ಲಿ ಎಲ್ಲಿಯಾದರೂ?"

ಮೇಷ್ಟರು ಇಲ್ಲವೆಂದು ತಲೆಯಾಡಿಸಿದರು. ಬಾಗಿಲ ಬಳಿ ಕುಳಿತಿದ್ದ ಅವರ ಪತ್ನಿ ತಡೆಯಲಾರದೆ, "ಅದೇನು ಹಾಗೆನ್ನುತ್ತೀರಿ? ಒಂಬತ್ತು ವರ್ಷದ ಹಿಂದೆ ಬಲಗಡೆಯ ಮೂತ್ರಪಿಂಡ ತೆಗೆಸಲಿಲ್ಲವೇ?" ಎಂದರು.

"ಅದು ಮುಗಿದುಹೋದ ಮಾತು. ಅದಕ್ಕೂ ವಸಡಿಗೂ ಏನು ಸಂಬಂಧ?"

ಆ ಸಂಬಂಧವೇ ಈ ಲೇಖನದ ವಿಷಯ. ಮೇಷ್ಟರು ಕಲ್ಪಿತರು, ಆದರೆ ಅವರಿಗೆ ಒದಗಿದ ಸಂಗತಿಗಳು ಕಲ್ಪಿತವಲ್ಲ. ಹಲವು ದೇಶಗಳ ವೈದ್ಯರು ತಮ್ಮ ಪತ್ರಿಕೆಗಳಲ್ಲಿ ಇಂತಹ ರೋಗಿಗಳ ವೃತ್ತಾಂತಗಳನ್ನು ಬರೆದಿಟ್ಟಿದ್ದಾರೆ. ಅವುಗಳಲ್ಲಿ ಮೇಲಿಂದ ಮೇಲೆ ಕಂಡುಬರುವ ಅಂಶಗಳನ್ನೇ ಇಲ್ಲಿ ಒಬ್ಬರ ಮೇಲೆ ಹೊರಿಸಿದ್ದೇನೆ.

ಇದನ್ನೋದಿದ ವಾಚಕರು ಒಡನೆಯೇ ಕನ್ನಡಿಯ ಬಳಿಗೆ ಓಡಬೇಕಾಗಿಲ್ಲ. ವಸಡಿನಲ್ಲಿ ಏಳುವ ಕೆಂಪು ಗಡ್ಡೆಗಳಲ್ಲಿ ಬಹುಪಾಲು ನಿರುಪದ್ರವಿಗಳು. ಕಿಟ್ಟದಿಂದಲೋ, ಸರಿಯಾಗಿ ಕೂಡದ ಕಟ್ಟಿಸಿದ ಹಲ್ಲಿನ ಉಜ್ಜಿನಿಂದಲೋ ವಸಡು ಕೆರಳಿ ಬೆಳೆಯುವುದು ಸಾಮಾನ್ಯ. ಗರ್ಭಿಣಿಯರಲ್ಲಿ ಇಂತಹ ಕೆಂಪು ಗುಳ್ಳೆ ಎದ್ದು, ಸುಲಭವಾಗಿ ರಕ್ತ ಸುರಿಸಿ, ಹೆರಿಗೆಯಾದ ಮೇಲೆ ತಾನಾಗಿಯೇ ಕುಗ್ಗಿಹೋಗುವುದನ್ನು ಅನೇಕ ಮನೆಗಳಲ್ಲಿ ಕಂಡಿರಬಹುದು. ಇನ್ನು ಬಾಯಿಯ ಕ್ಯಾನ್ಸರುಗಳನ್ನೇ ತೆಗೆದುಕೊಂಡರೂ, ದೇಹದ ಬೇರೆ ಭಾಗದಿಂದ ಬಾಯಿಗೆ ಬಂದು ನೆಲಸಿದವು ನೂರಕ್ಕೆ ಒಂದರಷ್ಟು ಮಾತ್ರ. ಆ ಒಂದರಲ್ಲಿ ಶ್ವಾಸಕೋಶದಿಂದ ಬಂದುದುಂಟು, ಹೆಂಗಸರಲ್ಲಿ ಸ್ತನದಿಂದ ಬಂದುದುಂಟು. ಮೂತ್ರಪಿಂಡದ್ದು ಅವುಗಳ ಸಾಲಿನಲ್ಲಿ ಮುಂದಿನ ಸ್ಥಾನದಲ್ಲಿಯೇ ಇದೆ. ಹೀಗೆ ಈ ರೋಗ ಅಪರೂಪವೆಂಬುದು ನಿಜ. ತೊಂದರೆಯೇನೆಂದರೆ, ಅಪರೂಪದ ಕೇಡಿನ ಗಂತಿಯೂ ಸಾಮಾನ್ಯವಾದ ಸಾಧು ಗಂತಿಯೂ ಕಣ್ಣಿಗೆ ಒಂದೇ ತೆರನಾಗಿ ಕಾಣುವುವು. ಬಣ್ಣ ಅದೇ, ಮೆದುತನ ಅದೇ, ರಕ್ತಸ್ರಾವವೂ ಅದೇ. ಕೈಯಿಂದ ಮುಟ್ಟಿ ಹೇಳುತ್ತೇನೆನ್ನುವ ವೈದ್ಯರನ್ನು ನಂಬಲಾಗದು.

ಮೂತ್ರಪಿಂಡವೆಂಬುದು ನಮ್ಮ ಬೆನ್ನಿನ ಒಳಮಗ್ಗುಲಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಅಡಗಿರುವ ಅಂಗ. ತೂಕ ಒಂದೊಂದೂ ಸುಮಾರು ೧೫೦ ಗ್ರಾಂ. ಇಷ್ಟು ಚಿಕ್ಕ ಅಂಗಗಳೆರಡರ ಮೂಲಕ ಹೃದಯವು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿಗೆ ಕಡಮೆಯಿಲ್ಲದಷ್ಟು, ಎಡೆಬಿಡದೆ ಹರಿಯುತ್ತಿರುವುದು. ಇಂತಹ ಪ್ರವಾಹದ ದಂಡೆಯಲ್ಲಿ ಗಂತಿಯೊಂದು ಹುಟ್ಟಿತೆಂದರೆ ಅದರಿಂದ ಕಳಚಿದ ಕಣಕ್ಕೆ ವಾಹನವನ್ನು ಹುಡುಕಬೇಕಾದ ಶ್ರಮವಿಲ್ಲ. ಅದೂ ಅಲ್ಲದೆ ಈ ಗಂತಿಗೆ ಒಂದು ವಿಚಿತ್ರ ಗುಣವುಂಟು: ಅದು ಮೂತ್ರಪಿಂಡದ ಸಿರೆಯೊಳಕ್ಕೆ ಬಳ್ಳಿಯ ಕುಡಿಯಂತೆ ಇಳಿದು, ಕೆಲವೊಮ್ಮೆ ಹೃದಯಕ್ಕೆ ಹೋಗುವ ದೊಡ್ಡ ಸಿರೆಯವರೆಗೂ ಬೆಳೆದುಕೊಂಡು ಹೋಗುವುದು.

ಮತ್ತು ಅದು ಮೌನಿ. ಸೊಂಟದ ಪಕ್ಕದಲ್ಲಿ ನೋವು, ಮೂತ್ರದಲ್ಲಿ ರಕ್ತ, ಕೈಗೆ ಸಿಗುವ ಗಡ್ಡೆ, ಈ ಮೂರು ಲಕ್ಷಣಗಳನ್ನು ವೈದ್ಯ ವಿದ್ಯಾರ್ಥಿಗಳು ಹಿಂದಿನಿಂದಲೂ ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಆದರೆ ಮೂರೂ ಒಟ್ಟಿಗೆ ಕಾಣುವುದು ಹತ್ತು ಮಂದಿ ರೋಗಿಗಳಲ್ಲಿ ಒಬ್ಬರಲ್ಲಿಯೂ ಕಷ್ಟ. ಈಚೆಗೆ ಅರ್ಧಕ್ಕಿಂತ ಹೆಚ್ಚು ಗಂತಿಗಳು ಬೇರೆ ಯಾವುದೋ ಕಾರಣಕ್ಕಾಗಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುತ್ತಿವೆ. ಮೂತ್ರದಲ್ಲಿ ಕಾಣುವ ರಕ್ತವಾದರೂ ಬಹುಮಟ್ಟಿಗೆ ನೋವಿಲ್ಲದೆ ಬಂದು, ಒಂದೆರಡು ದಿನ ಇದ್ದು, ಮಾಯವಾಗುವುದು. ಆಗ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆಂಬುದು ಎಲ್ಲರೂ ಬಲ್ಲ ಸಂಗತಿ: ಉಷ್ಣವೆಂದು ಬಾರ್ಲಿಯ ನೀರು, ಎಳನೀರು. ಕೆಂಪು ನಿಲ್ಲುವುದು, ಬಾರ್ಲಿಗೆ ಕೀರ್ತಿ ಬರುವುದು. (ಬೀಟ್‌ರೂಟ್ ಪಲ್ಯ ಉಂಡ ಮರುದಿನವೂ ಮೂತ್ರ ಕೆಂಪಾಗುವುದುಂಟು, ಅದು ಬೇರೆಯ ಮಾತು. ಆದರೆ ಪಲ್ಯ ಉಂಡದ್ದು ನೆನಪಿಲ್ಲದಿದ್ದರೆ ಮೂತ್ರ ಪರೀಕ್ಷೆ ಮಾಡಿಸುವುದೇ ಲೇಸು.) ಮೂತ್ರದ ಕೆಂಪಿಗೂ ಉಷ್ಣವೇ ಕಾರಣ, ವಸಡಿನ ಕೆಂಪಿಗೂ ಉಷ್ಣವೇ ಕಾರಣ ಎಂಬ ನಮ್ಮ ಸುಲಭ ಸಮಾಧಾನದಿಂದ ಎಷ್ಟು ತಿಂಗಳುಗಳು ವ್ಯರ್ಥವಾಗಿ ಹೋಗಿರಬಹುದೋ!

ಈ ಗಂತಿಯ ಸ್ವರೂಪವನ್ನು ತಿಳಿಯುವುದರಲ್ಲಿ ದೊಡ್ಡ ದೊಡ್ಡ ಪಂಡಿತರೇ ಎಡವಿದ್ದುಂಟು. ೧೮೮೩ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಸ್ ಎಂಬುವರು ಇದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಣಗಳಲ್ಲಿ ಕೊಬ್ಬು ತುಂಬಿರುವುದನ್ನು ಕಂಡು, ಇವು ಮೂತ್ರಪಿಂಡದ ತಲೆಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಚೂರುಗಳಿಂದ ಹುಟ್ಟಿದವೆಂದು ಅಭಿಪ್ರಾಯಪಟ್ಟರು. ಆ ಮತವೇ ಬಲವಾಗಿ ಬೇರೂರಿ, ಗಂತಿಗೆ ಹೈಪರ್‌ನೆಫ್ರೋಮಾ ಎಂಬ ಹೆಸರು ಬಂದಿತು. ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳಿಂದಲೇ ಹುಟ್ಟುವುದೆಂಬುದು ಖಚಿತವಾಗಲು ೧೯೬೦ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷ್ಯ ಬರಬೇಕಾಯಿತು. ಹಳೆಯ ಹೆಸರು ಮಾತ್ರ ಆಸ್ಪತ್ರೆಗಳಿಂದ ಬೇಗ ಹೋಗಲಿಲ್ಲ. ಯಾರ ಮನೆಯಲ್ಲಿಯಾದರೂ ಹಳೆಯ ಚೀಟಿಯ ಮೇಲೆ ಹೈಪರ್‌ನೆಫ್ರೋಮಾ ಎಂದೋ, ಗ್ರಾವಿಟ್ಸ್ ಗಂತಿಯೆಂದೋ ಬರೆದಿದ್ದರೆ ಅದು ಮೂತ್ರಪಿಂಡದ ಕ್ಯಾನ್ಸರೇ ಎಂದು ತಿಳಿಯತಕ್ಕದ್ದು.

ಇನ್ನು ಸೊಂಟದಿಂದ ಬಾಯಿಗೆ ದಾರಿ ಹೇಗೆ? ಕಳಚಿದ ಕಣವು ಸಿರೆಯಲ್ಲಿ ತೇಲಿ, ಹೃದಯದ ಬಲಭಾಗವನ್ನು ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವುದು. ಶ್ವಾಸಕೋಶದ ನವುರಾದ ರಕ್ತನಾಳಗಳ ಜಾಲವು ಒಂದು ಜರಡಿಯಿದ್ದಂತೆ. ಬಹುಪಾಲು ಕಣಗಳು ಅಲ್ಲಿಯೇ ಸಿಕ್ಕಿಬೀಳುವುವು. ಈ ರೋಗವು ಎಲ್ಲಕ್ಕಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುವುದಕ್ಕೆ ಇದೇ ಕಾರಣ. ಜರಡಿಯನ್ನು ದಾಟಿದ ಕೆಲವು ಕಣಗಳು ಹೃದಯದ ಎಡಭಾಗಕ್ಕೆ ಬಂದು, ಶುದ್ಧರಕ್ತದೊಡನೆ ಎಲುಬಿಗೂ ಮೆದುಳಿಗೂ ಬಾಯಿಗೂ ಹೋಗಬಹುದು. ಆದರೆ ಕೆಲವು ರೋಗಿಗಳಲ್ಲಿ ಶ್ವಾಸಕೋಶ ಸ್ವಚ್ಛವಾಗಿದ್ದು, ಬಾಯಿಯಲ್ಲಿ ಮಾತ್ರ ಗಂತಿ ಕಾಣುವುದು. ಜರಡಿಯನ್ನು ತಪ್ಪಿಸಿ ಬಂದ ಈ ಕಳ್ಳದಾರಿ ಯಾವುದು?

ಅದನ್ನು ತೋರಿಸಿದವರು ಅಮೆರಿಕದ ಫಿಲಡೆಲ್ಫಿಯ ನಗರದ ಶರೀರಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್. ೧೯೪೦ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಬೆನ್ನುಮೂಳೆಯನ್ನು ಸುತ್ತಿಕೊಂಡಿರುವ ಸಿರೆಗಳ ಒಂದು ಜಾಲವನ್ನು ವಿವರಿಸಿದರು. ಎಕ್ಸ್‌ರೇಯಲ್ಲಿ ಕಾಣಿಸುವ ದ್ರವವನ್ನು ಶವಗಳ ಕಿಬ್ಬೊಟ್ಟೆಯ ಕೆಳಗಿನ ಸಿರೆಗಳಿಗೆ ಹೊಗಿಸಿ, ಅದು ಬೆನ್ನುಮೂಳೆಯ ಉದ್ದಕ್ಕೂ ಏರಿ ಹೋಗುವುದನ್ನು ಅವರು ಚಿತ್ರದಲ್ಲಿ ಹಿಡಿದರು. ಕೈಕಾಲುಗಳ ಸಿರೆಗಳಲ್ಲಿ ರಕ್ತ ಹಿಂದಕ್ಕೆ ಹೋಗದಂತೆ ಕವಾಟಗಳಿರುವುವಷ್ಟೆ. ಈ ಜಾಲದಲ್ಲಿ ಅವಿಲ್ಲ. ಆದುದರಿಂದ ಇಲ್ಲಿ ರಕ್ತವು ಒತ್ತಡ ಬಂದ ಕಡೆಗೆ ಹರಿಯುವುದು. ಕೆಮ್ಮಿದರೆ, ಮುಕ್ಕಿದರೆ, ಭಾರವಾದ ಕೊಡವನ್ನು ಎತ್ತಿದರೆ ಹೊಟ್ಟೆಯೊಳಗಿನ ಒತ್ತಡ ಏರಿ, ರಕ್ತವು ಬೆನ್ನುಮೂಳೆಯ ಸಿರೆಗಳಲ್ಲಿ ತಲೆಯ ಕಡೆಗೆ ನುಗ್ಗಬಹುದು. ಮೂತ್ರಪಿಂಡದ ಸಿರೆಗೂ ಈ ಜಾಲಕ್ಕೂ ಸಂಪರ್ಕವುಂಟು. ಈ ಜಾಲಕ್ಕೂ ತಲೆ ಮುಖಗಳ ಸಿರೆಗಳಿಗೂ ಸಂಪರ್ಕವುಂಟು. ಶ್ವಾಸಕೋಶವೆಂಬ ಸುಂಕದ ಕಟ್ಟೆಯನ್ನು ಮುಟ್ಟದೆ ಕಣವು ದವಡೆಯನ್ನು ಸೇರುವ ದಾರಿ ಇದು.

ದಾರಿಯಿದ್ದರೆ ಸಾಲದು, ಸೇರಿದಲ್ಲಿ ಬೇರೂರಬೇಕು. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ೧೮೮೯ರಲ್ಲಿ, ಸ್ತನದ ಕ್ಯಾನ್ಸರಿನಿಂದ ಮೃತರಾದ ೭೩೫ ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ನೋಡಿ, ರೋಗವು ಮನಬಂದ ಕಡೆ ಹರಡುವುದಿಲ್ಲ, ಬೀಜಕ್ಕೆ ತಕ್ಕ ನೆಲವನ್ನೇ ಹಿಡಿಯುವುದೆಂದು ವಾದಿಸಿದರು. ಬೇಸಾಯದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವಸಡು ಯಾವಾಗಲೂ ಸ್ವಲ್ಪವಾದರೂ ಕೆರಳಿರುವ ಸ್ಥಳ. ಕಿಟ್ಟ, ಆಹಾರದ ಕಣ, ಕ್ರಿಮಿ ಇವುಗಳ ಕಾಟದಿಂದ ಅಲ್ಲಿ ಹೊಸ ರಕ್ತನಾಳಗಳು ಹೆಣೆದುಕೊಳ್ಳುತ್ತಲೇ ಇರುವುವು. ತೇಲಿಬಂದ ಕಣಕ್ಕೆ ಅದು ಹದವಾದ ಮಡಿಯೆಂದು ತಜ್ಞರ ಊಹೆ. ಬಾಯಿಯ ಮೆದುಭಾಗಗಳಲ್ಲಿ ಇಂತಹ ಗಂತಿಗಳು ಅತಿ ಹೆಚ್ಚಾಗಿ ಕಾಣುವುದು ವಸಡಿನಲ್ಲಿಯೇ. ಅದರ ನಂತರ ನಾಲಗೆಯಲ್ಲಿ. ಹಲ್ಲುಗಳೆಲ್ಲ ಬಿದ್ದುಹೋದ ಬಾಯಿಯಲ್ಲಿ ವಸಡಿನ ಮೇಲಿನ ಈ ಪಕ್ಷಪಾತ ಕಡಮೆಯೆಂಬುದು ಈ ಊಹೆಗೆ ಬಲ ಕೊಡುವುದು.

ಬಣ್ಣದ ವಿಷಯಕ್ಕೂ ಒಂದು ಕಾರಣವುಂಟು. ವಾನ್ ಹಿಪ್ಪೆಲ್, ಲಿಂಡೌ ಎಂಬ ಇಬ್ಬರು ವೈದ್ಯರ ಹೆಸರಿನ ಒಂದು ವಂಶವಾಹಿಯನ್ನು ೧೯೯೩ರಲ್ಲಿ ಗುರುತಿಸಿದರು. ದೇಹದ ಕಣಗಳಿಗೆ ಪ್ರಾಣವಾಯು ಸಾಕಾಗಿದೆಯೋ ಇಲ್ಲವೋ ಎಂಬುದನ್ನು ತಿಳಿಸುವ ಏರ್ಪಾಟಿನಲ್ಲಿ ಇದು ಒಂದು ಕೀಲಿಯಂತೆ. ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಬಹುಪಾಲಿನಲ್ಲಿ ಈ ಕೀಲಿ ಮುರಿದಿರುವುದು. ಆಗ ಕಣವು ತನಗೆ ಪ್ರಾಣವಾಯುವೇ ಇಲ್ಲವೆಂದು ಭ್ರಮಿಸಿ, ರಕ್ತನಾಳ ಬೇಕು, ರಕ್ತನಾಳ ಬೇಕು ಎಂದು ಸುತ್ತಲೂ ಬೇಡಿಕೆ ಕಳುಹಿಸುತ್ತಲೇ ಇರುವುದು. ಗಂತಿಯ ತುಂಬ ರಕ್ತನಾಳಗಳು ದಟ್ಟೈಸುವುವು. ಈ ಏರ್ಪಾಟನ್ನು ಕಂಡುಹಿಡಿದ ಕೇಲಿನ್, ರ್ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೇಷ್ಟರ ವಸಡಿನಿಂದ ಅರ್ಧ ಗಂಟೆಯ ಕಾಲ ರಕ್ತ ಸುರಿದುದಕ್ಕೆ ಮೂಲ ಇಲ್ಲಿದೆ. ಎಲ್ಲಿಗೆ ಹೋದರೂ ಈ ಗಂತಿ ತನ್ನ ತವರಿನ ಗುಣವನ್ನು ಬಿಡುವುದಿಲ್ಲ.

ವಸಡಿಗಿಂತಲೂ ಹೆಚ್ಚಾಗಿ ಇಂತಹ ಗಂತಿಗಳು ನೆಲಸುವುದು ದವಡೆಯ ಎಲುಬಿನೊಳಗೆ, ಅದರಲ್ಲಿಯೂ ಕೆಳದವಡೆಯ ಹಿಂಭಾಗದಲ್ಲಿ. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಗಟ್ಟಿಯಾಗಿದ್ದ ದವಡೆಹಲ್ಲು ಕಾರಣವಿಲ್ಲದೆ ಅಲುಗಾಡುವುದು; ಹಲ್ಲನ್ನು ಕಿತ್ತರೆ ಗುಳಿ ಮಾಯದೆ, ಅದರೊಳಗಿಂದ ಮಾಂಸ ಉಕ್ಕಿ ಬರುವುದು. ಇನ್ನೊಂದು ಲಕ್ಷಣವನ್ನು ಗೃಹಸ್ಥರು ವಿಶೇಷವಾಗಿ ನೆನಪಿನಲ್ಲಿಡಬೇಕು. ಕೆಳದುಟಿಯ ಒಂದು ಪಕ್ಕ ಮತ್ತು ಗದ್ದದ ಅದೇ ಪಕ್ಕ ಹಲ್ಲು ಕೀಳುವ ಸೂಜಿ ಹಾಕಿಸಿಕೊಂಡಂತೆ ಜೋಮು ಹಿಡಿದು, ದಿನಗಳು ಕಳೆದರೂ ಬಿಡುವುದಿಲ್ಲ. ಕ್ಷೌರ ಮಾಡಿಕೊಳ್ಳುವಾಗ ಗಂಡಸರಿಗೆ ಇದು ಮೊದಲು ಗೊತ್ತಾಗಬಹುದು. ಬ್ರಿಟನ್ನಿನ ಚಾರ್ಲ್ಸ್ ಬೆಲ್ ಎಂಬ ಪ್ರಸಿದ್ಧ ವೈದ್ಯರು ೧೮೩೦ರಷ್ಟು ಹಿಂದೆಯೇ, ಸ್ತನದ ಕ್ಯಾನ್ಸರಿದ್ದ ಒಬ್ಬ ಹೆಂಗಸಿನಲ್ಲಿ ಈ ಜೋಮನ್ನು ಕಂಡು ಬರೆದಿದ್ದಾರೆ. ಎಲುಬಿನೊಳಗಿನ ಗಂತಿಯು ಅಲ್ಲಿ ಹಾದುಹೋಗುವ ನರವನ್ನು ಅದುಮುವುದರಿಂದ ಹೀಗಾಗುವುದು. ನೋವಿಲ್ಲದ ಜೋಮಿಗಾಗಿ ಯಾರೂ ವೈದ್ಯರ ಬಳಿಗೆ ಹೋಗುವುದಿಲ್ಲ, ಹೋಗಬೇಕು.

ನಮ್ಮ ದೇಶದಲ್ಲಿ ಈ ರೋಗನಿರ್ಣಯಕ್ಕೆ ಒಂದು ಬೇರೆಯ ತೊಡಕೂ ಉಂಟು. ಹೊಗೆಸೊಪ್ಪು ಅಡಿಕೆಗಳ ದೆಸೆಯಿಂದ ಬಾಯಿಯಲ್ಲಿಯೇ ಹುಟ್ಟುವ ಕ್ಯಾನ್ಸರು ನಮ್ಮಲ್ಲಿ ಬಹಳ. ಹೊಗೆಸೊಪ್ಪಿಲ್ಲದ ಬರಿಯ ಎಲೆಯಡಿಕೆಯೂ ಕ್ಯಾನ್ಸರಿಗೆ ಕಾರಣವೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು ೨೦೦೪ರಲ್ಲಿ ಪ್ರಕಟಿಸಿದೆ. ಮಲೆನಾಡಿನ ಅಡಿಕೆ ತೋಟದವರಿಗೆ ಈ ಮಾತು ರುಚಿಸಲಾರದು. ನನಗೂ ಊಟವಾದ ಮೇಲೆ ಒಂದು ಎಲೆ ಮಡಿಸುವುದರ ಮೇಲೆ ಪ್ರೀತಿಯಿದ್ದ ಕಾಲವಿತ್ತು. ಅದಿರಲಿ. ಇದರ ಪರಿಣಾಮವಾಗಿ ಬಾಯಿಯಲ್ಲಿ ಗಂತಿ ಕಂಡೊಡನೆ ವೈದ್ಯರ ಮನಸ್ಸು ಹೊಗೆಸೊಪ್ಪಿನ ಕಡೆಗೆ ಹರಿಯುವುದು. ರೋಗಿಗೆ ಆ ಅಭ್ಯಾಸವಿದ್ದರೆ, ಬೇರೆ ಅಂಗವನ್ನು ನೋಡುವುದೇಕೆಂಬ ಭಾವನೆ. ಇಲ್ಲದಿದ್ದರೆ, ಇದು ಕ್ಯಾನ್ಸರೇ ಅಲ್ಲವೆಂಬ ಧೈರ್ಯ. ಮೇಷ್ಟರ ಮೊದಲನೆಯ ವೈದ್ಯರು ಎರಡನೆಯ ತಪ್ಪನ್ನು ಮಾಡಿದರು. ಅವರನ್ನು ಬಹಳವಾಗಿ ದೂಷಿಸಲಾರೆ. ಇಡೀ ಜೀವಮಾನದಲ್ಲಿ ಇಂತಹ ರೋಗಿಯೊಬ್ಬನನ್ನೂ ಕಾಣದ ದಂತವೈದ್ಯರೇ ಹೆಚ್ಚು. ಆದರೆ ಕೊಯ್ದ ತುಂಡನ್ನು ಎಸೆದದ್ದಕ್ಕೆ ಕ್ಷಮೆಯಿಲ್ಲ. ದೇಹದಿಂದ ತೆಗೆದ ಯಾವ ಗಂತಿಯನ್ನೇ ಆಗಲಿ, ಎಷ್ಟೇ ಸಣ್ಣದಾಗಿರಲಿ, ಪರೀಕ್ಷೆಗೆ ಕಳುಹಿಸುವಿರಾ ಎಂದು ಕೇಳುವ ಹಕ್ಕು ರೋಗಿಗೆ ಇದೆ, ಸಂಕೋಚಪಡದೆ ಕೇಳತಕ್ಕದ್ದು.

ಈಗ ಎರಡನೆಯ ವೈದ್ಯರು ಏನು ಮಾಡಿದರೆಂಬುದನ್ನು ನೋಡೋಣ. ಮೂತ್ರಪಿಂಡದ ಸುದ್ದಿಯನ್ನು ಕೇಳಿದೊಡನೆ ಅವರು ಕತ್ತಿಯನ್ನು ಕೆಳಗಿಟ್ಟರು. ರಕ್ತನಾಳಗಳಿಂದ ತುಂಬಿದ ಗಂತಿಯನ್ನು ಹಲ್ಲಿನ ಕುರ್ಚಿಯಲ್ಲಿ ಕುಳ್ಳಿರಿಸಿ ಕೊಯ್ಯುವುದು ಸಾಹಸ. ರಕ್ತ ನಿಲ್ಲಿಸುವ ಸಲಕರಣೆಗಳಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದು ಕಾಗದ ಬರೆದುಕೊಟ್ಟರು. ಅಲ್ಲಿ ದವಡೆಯ ಸಿ.ಟಿ. ಚಿತ್ರ ತೆಗೆದು, ಗಂತಿ ಎಲುಬಿಗೆ ಇಳಿದಿದೆಯೇ, ಅದಕ್ಕೆ ದೊಡ್ಡ ರಕ್ತನಾಳ ಬಂದಿದೆಯೇ ಎಂದು ನೋಡಿದರು. ಬಹು ದೊಡ್ಡ ಗಂತಿಯಾದರೆ ಅದಕ್ಕೆ ಬರುವ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚಿ, ಆಮೇಲೆ ಕೊಯ್ಯುವುದುಂಟು. ಮೇಷ್ಟರದು ಅಷ್ಟು ದೊಡ್ಡದಾಗಿರಲಿಲ್ಲ. ಒಂದು ಚೂರನ್ನು ಮಾತ್ರ ತೆಗೆದು, ಫಾರ್ಮಲಿನ್ ಸೀಸೆಯಲ್ಲಿಟ್ಟು, ಪ್ಯಾಥಾಲಜಿ ವಿಭಾಗಕ್ಕೆ ಕಳುಹಿಸಿದರು. ಸೀಸೆಯ ಜೊತೆಗೆ ಹೋದ ಚೀಟಿಯಲ್ಲಿ ವಯಸ್ಸು, ಸ್ಥಳ, ಗಾತ್ರಗಳ ಕೆಳಗೆ ಇನ್ನೊಂದು ಸಾಲು ಇದ್ದಿತು: ಒಂಬತ್ತು ವರ್ಷದ ಹಿಂದೆ ಬಲ ಮೂತ್ರಪಿಂಡದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ.

ಆ ಒಂದು ಸಾಲಿನ ಬೆಲೆಯೆಷ್ಟೆಂಬುದು ಪ್ಯಾಥಾಲಜಿ ವೈದ್ಯರ ಕೆಲಸವನ್ನು ತಿಳಿದರೆ ಅರ್ಥವಾಗುವುದು. ಚೂರನ್ನು ಮದ್ಯಸಾರ ಮೊದಲಾದ ದ್ರವಗಳಲ್ಲಿ ಅದ್ದಿ, ಮೇಣದಲ್ಲಿ ಹೂಳಿ, ಕಾಗದಕ್ಕಿಂತ ತೆಳುವಾದ ಪರೆಗಳಾಗಿ ಕತ್ತರಿಸಿ, ಗಾಜಿನ ಮೇಲಿಟ್ಟು ಬಣ್ಣ ಹಚ್ಚುವರು. ಈ ಗಂತಿಯ ಕಣಗಳಲ್ಲಿ ಕೊಬ್ಬೂ ಗ್ಲೈಕೋಜನ್ ಎಂಬ ಒಂದು ಬಗೆಯ ಪಿಷ್ಟವೂ ತುಂಬಿರುವುದಷ್ಟೆ; ದ್ರವಗಳಲ್ಲಿ ಅವು ಕರಗಿಹೋಗಿ, ಕಣವು ಬರಿದಾದ ಜೇನುಗೂಡಿನ ಕೋಣೆಯಂತೆ ತಿಳಿಯಾಗಿ ಕಾಣುವುದು. ಗುಂಪುಗುಂಪಾದ ತಿಳಿಗಣಗಳು, ಗುಂಪಿನ ಸುತ್ತ ಎಳೆಎಳೆಯಾದ ರಕ್ತನಾಳಗಳ ಬಲೆ: ಇದು ಮೂತ್ರಪಿಂಡದ ಗಂತಿಯ ಮುಖಚರ್ಯೆ. ಆದರೆ ಬಾಯಿಯಲ್ಲಿ ಹುಟ್ಟುವ ಲಾಲಾಗ್ರಂಥಿಯ ಕೆಲವು ಗಂತಿಗಳಲ್ಲಿಯೂ ತಿಳಿಗಣಗಳುಂಟು. ಹಲ್ಲು ಮೂಡುವ ಅಂಗಾಂಶದಿಂದ ಹುಟ್ಟುವ ಒಂದು ಅಪರೂಪದ ಕ್ಯಾನ್ಸರಿನಲ್ಲಿಯೂ ಉಂಟು. ವಸಡಿನ ಚೂರೆಂದು ಮಾತ್ರ ಬರೆದು ಕಳುಹಿಸಿದರೆ ಪರೀಕ್ಷಕರು ಸಹಜವಾಗಿಯೇ ಬಾಯಿಯ ಗಂತಿಗಳನ್ನು ಮೊದಲು ನೆನೆಯುವರು. ಚೀಟಿಯ ಸಾಲು ಅವರ ಗಮನವನ್ನು ಮೂತ್ರಪಿಂಡದ ಕಡೆಗೆ ತಿರುಗಿಸುವುದು.

ನಿಶ್ಚಯಕ್ಕಾಗಿ ಈಗ ಇನ್ನೊಂದು ಉಪಾಯವಿದೆ. ಒಂದೊಂದು ಬಗೆಯ ಕಣವು ತನ್ನ ಹುಟ್ಟೂರಿನ ಕೆಲವು ಪ್ರೋಟೀನುಗಳನ್ನು ತನ್ನಲ್ಲಿ ಇಟ್ಟುಕೊಂಡಿರುವುದು. ಆ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ದ್ರಾವಣವನ್ನು ಗಾಜಿನ ಮೇಲೆ ಸುರಿದು, ಕಂದುಬಣ್ಣ ಬರುವುದೋ ಇಲ್ಲವೋ ನೋಡುವರು. ಪ್ಯಾಕ್ಸ್-೮ ಎಂಬುದು ಮೂತ್ರಪಿಂಡದ ಗಂತಿಗಳಲ್ಲಿ ಸಾಮಾನ್ಯವಾಗಿ ಬಣ್ಣಗೊಳ್ಳುವುದು. ಲಾಲಾಗ್ರಂಥಿಯ ಗಂತಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಥೈರಾಯಿಡ್ ಗಂತಿಗಳಲ್ಲಿಯೂ, ಹೆಂಗಸರ ಗರ್ಭಕೋಶ ಅಂಡಾಶಯಗಳ ಕೆಲವು ಗಂತಿಗಳಲ್ಲಿಯೂ ಅದು ಬಣ್ಣಗೊಳ್ಳುವುದರಿಂದ ಅದೊಂದನ್ನೇ ನಂಬದೆ, ಸಿ.ಡಿ.-೧೦, ಕಾರ್ಬಾನಿಕ್ ಅನ್‌ಹೈಡ್ರೇಸ್-೯ ಮೊದಲಾದ ಬೇರೆ ಸಾಕ್ಷಿಗಳನ್ನೂ ಕರೆಯುವರು. ಸಾಕ್ಷಿಗಳು ಹೆಚ್ಚಿದಷ್ಟೂ ತೀರ್ಪು ಗಟ್ಟಿಯಾಗುವುದಷ್ಟೆ.

ಮೇಷ್ಟರಿಗೆ ಹಿಂದಿನ ಶಸ್ತ್ರಚಿಕಿತ್ಸೆಯ ಇತಿಹಾಸವಾದರೂ ಇದ್ದಿತು. ದೂರದಿಂದ ಬಾಯಿಗೆ ಬಂದ ಗಂತಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿನಲ್ಲಿ, ಮೂಲರೋಗ ಎಲ್ಲಿದೆಯೆಂಬುದು ರೋಗಿಗೂ ತಿಳಿದಿರುವುದಿಲ್ಲ, ವೈದ್ಯರಿಗೂ ತಿಳಿದಿರುವುದಿಲ್ಲ. ಬಾಯಿಯ ಗಂತಿಯೇ ಮೊದಲನೆಯ ಸುದ್ದಿ. ಅಂತಹವರಲ್ಲಿ ಗಾಜಿನ ಮೇಲಿನ ತಿಳಿಗಣಗಳನ್ನು ಕಂಡ ಪರೀಕ್ಷಕರು ಹೊಟ್ಟೆಯ ಚಿತ್ರ ತೆಗೆಸಿರೆಂದು ಬರೆಯುವರು. ಆಗ ಮೂತ್ರಪಿಂಡದಲ್ಲಿ ಕಿತ್ತಳೆಹಣ್ಣಿನಷ್ಟು ಗಂತಿ ಸದ್ದಿಲ್ಲದೆ ಕುಳಿತಿರುವುದು ಹೊರಬೀಳುವುದು. ಇತಿಹಾಸವಿರಲಿ ಇಲ್ಲದಿರಲಿ, ಬಾಯಿಯಲ್ಲಿ ಈ ರೋಗ ನಿಶ್ಚಯವಾದ ಮೇಲೆ ಎದೆ, ಹೊಟ್ಟೆ, ಕಿಬ್ಬೊಟ್ಟೆಗಳ ಸಿ.ಟಿ. ಚಿತ್ರ ಅಗತ್ಯ, ಎಲುಬು ನೋವಿದ್ದರೆ ಎಲುಬನ್ನೂ, ತಲೆನೋವು ವಾಂತಿಗಳಿದ್ದರೆ ಮೆದುಳನ್ನೂ ನೋಡುವರು. ಚಿತ್ರಕ್ಕಾಗಿ ಕೊಡುವ ಬಣ್ಣದ ಸೂಜಿಯು ಉಳಿದಿರುವ ಒಂದೇ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದುದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡುವರು.

ಒಂಬತ್ತು ವರ್ಷದ ಮೇಲೆ ರೋಗ ಮರಳುವುದುಂಟೇ ಎಂದು ಕೆಲವರು ಕೇಳಬಹುದು. ಉಂಟು. ಬೇರೆ ಅನೇಕ ಕ್ಯಾನ್ಸರುಗಳಲ್ಲಿ ಐದು ವರ್ಷ ಕಳೆದರೆ ನಿಶ್ಚಿಂತೆಯಿಂದಿರಬಹುದೆಂಬ ವಾಡಿಕೆಯ ಮಾತು ಈ ರೋಗಕ್ಕೆ ಹೊಂದುವುದಿಲ್ಲ. ೧೦ ವರ್ಷ, ಕೆಲವರಲ್ಲಿ ೨೦ ವರ್ಷ ಕಳೆದ ಮೇಲೂ ಇದು ತಲೆಯೆತ್ತಿದುದುಂಟು. ಇಷ್ಟು ಕಾಲ ಎಲ್ಲಿ, ಹೇಗೆ ನಿದ್ರಿಸುತ್ತಿದ್ದಿತೆಂಬುದು ಇನ್ನೂ ಪೂರ್ಣವಾಗಿ ಬಿಡಿಸದ ಒಗಟು. ಹೀಗಾಗಿ ಮೂತ್ರಪಿಂಡದ ಗಂತಿಗೆ ಶಸ್ತ್ರಚಿಕಿತ್ಸೆಯಾದವರು ಹಲ್ಲಿನ ವೈದ್ಯರಿಗೂ, ಕಣ್ಣಿನ ವೈದ್ಯರಿಗೂ, ಮೂಗಿನಲ್ಲಿ ರಕ್ತ ಬಂದಾಗ ಕಿವಿಮೂಗಿನ ವೈದ್ಯರಿಗೂ ಅದನ್ನು ಹೇಳಬೇಕು. ಅವರು ಕೇಳುವವರೆಗೆ ಕಾಯಬಾರದು.

ಚಿಕಿತ್ಸೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬಾಯಿಗೆ ಬಂದಿತೆಂದರೆ ರೋಗವು ದೇಹದಲ್ಲಿ ಹರಡಿದೆಯೆಂದೇ ಅರ್ಥ. ಹಿಂದೆ ಅಂತಹವರ ಆಯುಷ್ಯವನ್ನು ತಿಂಗಳುಗಳಲ್ಲಿ ಎಣಿಸುತ್ತಿದ್ದರು. ಮಾಮೂಲು ಕ್ಯಾನ್ಸರ್ ಔಷಧಗಳಿಗೆ ಇದು ಬಗ್ಗುವುದಿಲ್ಲ. ೨೦೦೫ರ ಕೊನೆಯಲ್ಲಿ ಸೊರಾಫೆನಿಬ್, ೨೦೦೬ರಲ್ಲಿ ಸುನಿಟಿನಿಬ್ ಎಂಬ ಗುಳಿಗೆಗಳು ಅಮೆರಿಕದಲ್ಲಿ ಅನುಮತಿ ಪಡೆದವು. ಗಂತಿಯು ರಕ್ತನಾಳಗಳಿಗಾಗಿ ಕಳುಹಿಸುವ ಬೇಡಿಕೆಯನ್ನು ಇವು ತಡೆಯುವುವು. ೨೦೧೫ರಿಂದ ದೇಹದ ರಕ್ಷಣಾಶಕ್ತಿಯನ್ನೇ ಗಂತಿಯ ಮೇಲೆ ಎತ್ತಿಕಟ್ಟುವ ನಿವೊಲುಮ್ಯಾಬ್ ಮೊದಲಾದ ಸೂಜಿಮದ್ದುಗಳು ಬಂದಿವೆ. ಇವುಗಳಿಂದ ಕೆಲವರು ವರ್ಷಗಟ್ಟಲೆ ಬದುಕಿದ್ದಾರೆ. ಎಲ್ಲರಿಗೂ ಆ ಭಾಗ್ಯವಿಲ್ಲ, ಬೆಲೆಯೂ ಸಾಮಾನ್ಯ ಸಂಸಾರಕ್ಕೆ ನಿಲುಕುವಂತಿಲ್ಲ. ಬೇರೆಲ್ಲಿಯೂ ಏನೂ ಇಲ್ಲದೆ ಬಾಯಿಯಲ್ಲಿ ಒಂದೇ ಗಂತಿ, ಅದೂ ಬಹುಕಾಲದ ಮೇಲೆ ಬಂದುದಾದರೆ, ಅದನ್ನು ಪೂರ್ತಿಯಾಗಿ ಕೊಯ್ದು ತೆಗೆಯುವುದರಿಂದ ಒಳ್ಳೆಯ ಫಲವನ್ನು ನಿರೀಕ್ಷಿಸಬಹುದು. ತೆಗೆಯಲಾಗದಿದ್ದರೂ ಕಿರಣಚಿಕಿತ್ಸೆಯಿಂದ ರಕ್ತವೂ ನೋವೂ ನಿಂತು, ರೋಗಿಯು ಅನ್ನವನ್ನು ಅಗಿದು ಉಣ್ಣುವಂತಾಗುವುದು. ಅದೂ ಸಣ್ಣ ಉಪಕಾರವಲ್ಲ.

ಮೇಷ್ಟರ ಎದೆಯ ಚಿತ್ರವೂ ಹೊಟ್ಟೆಯ ಚಿತ್ರವೂ ಸ್ವಚ್ಛವಾಗಿ ಬಂದುವು. ಪ್ಯಾಥಾಲಜಿ ವೈದ್ಯರು ತಮ್ಮ ವರದಿಗೆ ರುಜು ಹಾಕುವ ಮುನ್ನ, ಹಿಂದೆ ತೆಗೆದ ಮೂತ್ರಪಿಂಡದ ಗಾಜು ಸಿಕ್ಕುವುದೇ ಎಂದು ಕೇಳಿ ಕಳುಹಿಸಿದರು. ಅಂದಿನ ಆ ಆಸ್ಪತ್ರೆಯಲ್ಲಿ ಹುಡುಕಬೇಕಾದರೆ ಅಂದಿನ ನಂಬರು ಬೇಕು. ಮೇಷ್ಟರಿಗೆ ಅದರ ನೆನಪೇ ಇರಲಿಲ್ಲ. ಅವರ ಪತ್ನಿ ಮನೆಗೆ ಹೋಗಿ, ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ಮನೆಯ ಕ್ರಯಪತ್ರ, ಮಕ್ಕಳ ಜಾತಕ, ಹಳೆಯ ರಸೀತಿಗಳ ನಡುವೆ ಮಡಿಸಿಟ್ಟಿದ್ದ ಆಸ್ಪತ್ರೆಯ ಬಿಡುಗಡೆಯ ಕಾಗದವನ್ನು ತಂದುಕೊಟ್ಟರು. ನಾಲ್ಕು ದಿನಕ್ಕೆ ಮೇಣದ ತುಂಡು ಸಿಕ್ಕಿತು. ಪರೀಕ್ಷಕರು ಒಂಬತ್ತು ವರ್ಷದ ಹಿಂದಿನ ಮೂತ್ರಪಿಂಡದ ಪರೆಯನ್ನೂ ಈಗಿನ ವಸಡಿನ ಪರೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಒಂದಾದ ಮೇಲೊಂದನ್ನು ನೋಡಿದರು. ಯಾವುದು ಯಾವುದೆಂದು ತಿಳಿಯಲು ಅವರು ಗಾಜಿನ ಅಂಚಿನಲ್ಲಿ ಬರೆದ ನಂಬರನ್ನೇ ಓದಬೇಕಾಯಿತು.